ಗಲ್ಲಿಗೇರಿದ ಪ್ರಧಾನಿ: ಹಂಗೇರಿಯ ಇಮ್ರೆ ನಾಜ್

1956ನೆಯ ಇಸವಿಯ ನವೆಂಬರ್ 1ನೆಯ ತಾರೀಕು ಗಡಿನಾಡ ಕನ್ನಡಿಗರಾದ ನಾವು ಮರೆಯುವ ದಿನವಲ್ಲ. ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ಅಂದೇ. ಅದೇ ದಿನ, ಸಾವಿರಾರು ಮೈಲು ದೂರದ ಬುಡಾಪೆಸ್ಟ್ ನಗರದಲ್ಲಿ ಅರುವತ್ತು ವರ್ಷ ಪ್ರಾಯದ ಪ್ರಧಾನಿಯೊಬ್ಬರು ರೇಡಿಯೋದ ಮುಂದೆ ಕುಳಿತು, ತಮ್ಮ ದೇಶ ರಷ್ಯದ ಸೇನಾ ಒಕ್ಕೂಟದಿಂದ ಹೊರಬಂದಿದೆ, ಇನ್ನು ಮುಂದೆ ಅದು ಯಾವ ಬಣಕ್ಕೂ ಸೇರದ ತಟಸ್ಥ ರಾಷ್ಟ್ರ ಎಂದು ಸಾರಿದರು. ಮೂರು ದಿನ ಕಳೆಯುವುದರೊಳಗೆ ರಷ್ಯದ ಟ್ಯಾಂಕುಗಳು ಅವರ ಸರಕಾರವನ್ನು ಉರುಳಿಸಿದವು. ಹತ್ತೊಂಬತ್ತು ತಿಂಗಳ ಬಳಿಕ ಅವರನ್ನು ಗಲ್ಲಿಗೇರಿಸಲಾಯಿತು. ಅವರೇ ಇಮ್ರೆ ನಾಜ್.

ಈ ನಾಜ್ ಕಮ್ಯೂನಿಸಮ್ಮಿನ ವೈರಿಯಾಗಿದ್ದರೆ ಕತೆಯಲ್ಲಿ ಹೆಚ್ಚಿನ ವಿಶೇಷವಿರುತ್ತಿರಲಿಲ್ಲ. ಅವರು ನಾಲ್ವತ್ತು ವರ್ಷ ಅದೇ ಪಕ್ಷದಲ್ಲಿ ದುಡಿದವರು, ಕೊನೆಯುಸಿರಿನವರೆಗೂ ತಮ್ಮನ್ನು ಕಮ್ಯೂನಿಸ್ಟ್ ಎಂದೇ ತಿಳಿದವರು. ಅವರ ಕೊರಳಿಗೆ ಹಗ್ಗ ಬಿಗಿದದ್ದೂ ಅದೇ ಪಕ್ಷ. ಆದುದರಿಂದ ಅವರ ಬದುಕನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ರೈತನ ಮಗ, ಯುದ್ಧಕೈದಿ

1896ರ ಜೂನ್ 7ರಂದು ನೈರುತ್ಯ ಹಂಗೇರಿಯ ಕಪೋಶ್ವಾರ್ ಎಂಬ ಊರಿನಲ್ಲಿ ಬಡ ರೈತ ಮೂಲದ ಕುಟುಂಬವೊಂದರಲ್ಲಿ ನಾಜ್ ಹುಟ್ಟಿದರು. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುವವರಾದ್ದರಿಂದ ಅಲ್ಲಿ ಅವರು ನಾಜ್ ಇಮ್ರೆ. ಶಾಲೆಯ ಓದು ಅರ್ಧಕ್ಕೆ ನಿಂತಿತು. ಬೀಗ ಮಾಡುವ ಕಸುಬನ್ನು ಕಲಿಯತೊಡಗಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಸೈನ್ಯಕ್ಕೆ ಸೇರಿಸಲ್ಪಟ್ಟ ಹುಡುಗ 1916ರಲ್ಲಿ ಗಾಯಗೊಂಡು ರಷ್ಯನರ ಸೆರೆಯಾಳಾಗಿ ಸೈಬೀರಿಯ ಸೇರಿದ.

1917ರಲ್ಲಿ ರಷ್ಯದಲ್ಲಿ ಕ್ರಾಂತಿಯಾಯಿತು. ಭೂಮಿ ಉಳುವವನಿಗೆ ಸೇರಬೇಕೆಂಬ ಘೋಷಣೆ ಆ ಬಡವರ ಮಗನ ಕಿವಿಗೆ ಹೇಗೆ ಕೇಳಿಸಿರಬೇಕೆಂಬುದನ್ನು ಗೇಣಿಯ ಕಷ್ಟ ಕಂಡ ನಮ್ಮೂರಿನ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1918ರಲ್ಲಿ ಅವರು ಕಮ್ಯೂನಿಸ್ಟರಾದರು, ಕೆಂಪು ಸೇನೆಯಲ್ಲಿ ಹೋರಾಡಿದರು. 1921ರಲ್ಲಿ ತಾಯ್ನಾಡಿಗೆ ಮರಳಿ ಎಡಪಂಥದ ಕೆಲಸಕ್ಕಿಳಿದರು. 1925ರಲ್ಲಿ ಮದುವೆಯಾಯಿತು, 1927ರಲ್ಲಿ ಮಗಳು ಎರ್ಝೆಬೆತ್ ಹುಟ್ಟಿದಳು. ಅದೇ ವರ್ಷ ಸೆರೆವಾಸವೂ ಒದಗಿತು. ಆಮೇಲೆ ವಿಯೆನ್ನಾಕ್ಕೆ ತಪ್ಪಿಸಿಕೊಂಡು ಹೋಗಿ, 1930ರಲ್ಲಿ ಮಾಸ್ಕೋ ತಲಪಿದರು. ಅಲ್ಲಿನ ಕೃಷಿ ಸಂಶೋಧನ ಸಂಸ್ಥೆಯಲ್ಲಿ ದುಡಿಯುತ್ತ ರೈತರ ಸಮಸ್ಯೆಗಳನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದರು.

ಆ ವರ್ಷಗಳು ಸ್ಟಾಲಿನ್ನರ ಭೀಕರ ಶುದ್ಧೀಕರಣದ ಕಾಲ. ಹಂಗೇರಿಯ ಕಮ್ಯೂನಿಸ್ಟರ ಮುಂದಾಳು ಬೇಲಾ ಕುನ್ ಕೂಡ ಅದಕ್ಕೆ ಬಲಿಯಾದರು. ನಾಜ್ ಬದುಕಿ ಉಳಿದರು. ಅವರು ಅಲ್ಲಿನ ಗುಪ್ತ ಪೋಲೀಸರಿಗೆ ಬೇರೊಂದು ಹೆಸರಿನಲ್ಲಿ ಸುದ್ದಿ ಕೊಡುತ್ತಿದ್ದರೆಂದು 1989ರಲ್ಲಿ ಮಾಸ್ಕೋದಿಂದ ಹೊರಬಂದ ಕಡತಗಳು ಹೇಳುತ್ತವೆ. ಆ ಸುದ್ದಿಯಿಂದ ಯಾರಿಗೆ ಎಷ್ಟು ಕೇಡಾಯಿತೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೂ ಇದನ್ನು ಮುಚ್ಚಿಟ್ಟು ಅವರ ಜೀವನವನ್ನು ಬರೆಯುವುದು ಸರಿಯಲ್ಲ. ಅವರು ಹುಟ್ಟು ವೀರರಾಗಿರಲಿಲ್ಲ. ಬಹುಕಾಲ ಪಕ್ಷ ಹೇಳಿದ್ದಕ್ಕೆ ತಲೆಬಾಗಿಯೇ ನಡೆದವರು.

ಭೂಮಿ ಹಂಚಿದ ಮಂತ್ರಿ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರಲ್ಲಿ, ಕೆಂಪು ಸೇನೆ ಹಂಗೇರಿಯೊಳಗೆ ನುಗ್ಗಿದಾಗ ನಾಜ್ ಕೂಡ ಊರಿಗೆ ಮರಳಿದರು. ಹೊಸ ಸರಕಾರದಲ್ಲಿ ಕೃಷಿ ಮಂತ್ರಿಯಾದರು. 1945ರ ಮಾರ್ಚಿಯಲ್ಲಿ ಹೊರಬಿದ್ದ ಭೂಸುಧಾರಣೆಯ ಆಜ್ಞೆ ಅವರ ಕೈಯ ಕೆಲಸ. ಶತಮಾನಗಳಿಂದ ದೊಡ್ಡ ಧಣಿಗಳ ಮತ್ತು ಮಠಗಳ ಹಿಡಿತದಲ್ಲಿದ್ದ ನೆಲ ಒಡೆದು, ಆರು ಲಕ್ಷಕ್ಕೂ ಹೆಚ್ಚು ಮಂದಿಗೆ ಹಂಚಿಕೆಯಾಯಿತು. ಹಳ್ಳಿಗರ ಬಾಯಲ್ಲಿ ಅವರು ಭೂಮಿ ಹಂಚಿದ ಮಂತ್ರಿ ಎನಿಸಿಕೊಂಡರು.

ಅದೇ ವರ್ಷದ ನವೆಂಬರಿನಲ್ಲಿ ನಡೆದ ಮುಕ್ತ ಚುನಾವಣೆಯಲ್ಲಿ ಸಣ್ಣ ಹಿಡುವಳಿದಾರರ ಪಕ್ಷಕ್ಕೆ ನೂರಕ್ಕೆ 57ರಷ್ಟು ಮತಗಳು ಬಿದ್ದವು. ಕಮ್ಯೂನಿಸ್ಟರಿಗೆ ದೊರೆತದ್ದು 17 ಮಾತ್ರ. ಆದರೆ ದೇಶದೊಳಗೆ ರಷ್ಯದ ಸೈನ್ಯವಿತ್ತು, ಪೋಲೀಸ್ ಇಲಾಖೆ ಕಮ್ಯೂನಿಸ್ಟರ ಕೈಯಲ್ಲಿತ್ತು. ಉಳಿದ ಪಕ್ಷಗಳನ್ನು ಒಂದೊಂದಾಗಿ ಮುರಿದು, 1949ರ ಹೊತ್ತಿಗೆ ಪಕ್ಷದ ನಾಯಕ ಮಾತ್ಯಾಶ್ ರಾಕೋಷಿ ಏಕಪಕ್ಷದ ಆಳ್ವಿಕೆಯನ್ನು ನೆಲೆಗೊಳಿಸಿದರು. ಇತ್ತ ಅಮೆರಿಕ, ಅತ್ತ ರಷ್ಯ ಎಂದು ಯೂರೋಪು ಎರಡಾಗಿ ಸೀಳಿತು. ಹಂಗೇರಿ ರಷ್ಯದ ಪಾಲಿಗೆ ಬಿತ್ತು.

ರಾಕೋಷಿಯವರ ಆಳ್ವಿಕೆಯಲ್ಲಿ ಸಾವಿರಾರು ಜನ ಶಿಬಿರಗಳಲ್ಲಿ ಕೊಳೆತರು. ಸ್ವತಃ ಮಂತ್ರಿಯಾಗಿದ್ದ ಲಾಸ್ಲೊ ರಾಯ್ಕ್ ಅವರನ್ನೇ ಸುಳ್ಳು ಆರೋಪ ಹೊರಿಸಿ 1949ರಲ್ಲಿ ಗಲ್ಲಿಗೇರಿಸಲಾಯಿತು. ಹಂಚಿಕೊಟ್ಟ ನೆಲವನ್ನು ರೈತರಿಂದ ಮರಳಿ ಕಸಿದು ಸಾಮೂಹಿಕ ಬೇಸಾಯಕ್ಕೆ ಸೇರಿಸುವ ಬಲವಂತ ಶುರುವಾಯಿತು. ನಾಜ್ ಇದನ್ನು ವಿರೋಧಿಸಿ 1949ರಲ್ಲಿ ಪಕ್ಷದ ಉನ್ನತ ಮಂಡಳಿಯಿಂದ ಹೊರಬಿದ್ದರು. ಆದರೆ ತಪ್ಪೊಪ್ಪಿಕೊಂಡು ಮತ್ತೆ ಒಳಗೆ ಬಂದರು. ರೈತರ ಕಣಜ ಬರಿದು ಮಾಡುವ ಧಾನ್ಯ ವಸೂಲಿಯ ಖಾತೆಯನ್ನೂ ವಹಿಸಿಕೊಂಡರು. ಆಗಲೂ ಅವರು ಪಕ್ಷದ ಮಾತಿಗೆ ಬಾಗಿದರೆಂಬುದನ್ನು ಗಮನಿಸಬೇಕು.

ಬದಲಾದ ಗಾಳಿ

1953ರ ಮಾರ್ಚಿಯಲ್ಲಿ ಸ್ಟಾಲಿನ್ ತೀರಿಕೊಂಡರು. ಹಂಗೇರಿಯ ಹದಗೆಟ್ಟ ಸ್ಥಿತಿಯನ್ನು ಕಂಡ ಹೊಸ ರಷ್ಯನ್ ನಾಯಕರು ಜೂನಿನಲ್ಲಿ ರಾಕೋಷಿಯವರನ್ನು ಮಾಸ್ಕೋಕ್ಕೆ ಕರೆಸಿ ಗದರಿಸಿ, ನಾಜ್ ಅವರನ್ನು ಪ್ರಧಾನಿ ಪಟ್ಟಕ್ಕೆ ಏರಿಸಿದರು. ನಾಜ್ ಶಿಬಿರಗಳನ್ನು ಮುಚ್ಚಿಸಿದರು. ಸಾಮೂಹಿಕ ಬೇಸಾಯದಿಂದ ಹೊರಬರಲು ರೈತರಿಗೆ ಅನುಮತಿ ಕೊಟ್ಟರು. ಉಕ್ಕಿನ ಕಾರ್ಖಾನೆಗಳಿಗೆ ಸುರಿಯುತ್ತಿದ್ದ ಹಣವನ್ನು ಕಡಿಮೆ ಮಾಡಿ ಜನರ ಅನ್ನ ಬಟ್ಟೆಯ ಕಡೆ ತಿರುಗಿಸಿದರು. ಆದರೆ ಮಾಸ್ಕೋದಲ್ಲಿ ಅವರ ಬೆಂಬಲಕ್ಕಿದ್ದ ಮಾಲೆಂಕೋವ್ 1955ರಲ್ಲಿ ಕೆಳಗಿಳಿದರು. ಏಪ್ರಿಲಿನಲ್ಲಿ ನಾಜ್ ಪದಚ್ಯುತರಾದರು. ವರ್ಷ ಮುಗಿಯುವುದರೊಳಗೆ ಪಕ್ಷದಿಂದಲೇ ಉಚ್ಚಾಟಿತರಾದರು.

ಈ ಸಲ ಅವರು ತಪ್ಪೊಪ್ಪಿಗೆ ಬರೆದುಕೊಡಲಿಲ್ಲ. ಮನೆಯಲ್ಲಿ ಕುಳಿತು, ಸಣ್ಣ ರಾಷ್ಟ್ರಗಳಿಗೂ ತಮ್ಮ ದಾರಿ ತಾವೇ ಹಿಡಿಯುವ ಹಕ್ಕಿದೆಯೆಂದೂ ನೀತಿಗೆಟ್ಟ ಅಧಿಕಾರ ಸಮಾಜವಾದವಲ್ಲವೆಂದೂ ವಾದಿಸುವ ಪ್ರಬಂಧಗಳನ್ನು ಬರೆದರು. ಅವರ ಬಾಳಿನ ತಿರುವು ಇಲ್ಲಿದೆಯೆಂದು ನಮಗೆ ತೋರುತ್ತದೆ.

1956ರ ಫೆಬ್ರವರಿಯಲ್ಲಿ ಕ್ರುಶ್ಚೇವ್ ಅವರು ಪಕ್ಷದ ಗುಪ್ತ ಅಧಿವೇಶನದಲ್ಲಿ ಸ್ಟಾಲಿನ್ನರ ಅಪರಾಧಗಳನ್ನು ಬಯಲು ಮಾಡಿದರು. ಜುಲಾಯಿಯಲ್ಲಿ ರಾಕೋಷಿ ಸ್ಥಾನ ಬಿಟ್ಟರು. ಅಕ್ಟೋಬರ್ 6ರಂದು ರಾಯ್ಕ್ ಅವರ ಮೃತದೇಹವನ್ನು ತೆಗೆದು ಗೌರವದಿಂದ ಮರುಸಮಾಧಿ ಮಾಡಿದಾಗ ಅಪಾರ ಜನ ಸೇರಿತು. ಜನರ ಅಂಜಿಕೆ ಬಿಟ್ಟುಹೋಗತೊಡಗಿತ್ತು.

ಹದಿಮೂರು ದಿನಗಳು

ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಸಂಜೆಯ ಹೊತ್ತಿಗೆ ಸಂಸತ್ ಭವನದ ಮುಂದೆ ಜನಸಾಗರ ನೆರೆದು ನಾಜ್ ಅವರನ್ನು ಕರೆಯಿತು. ಹಿಂಜರಿಯುತ್ತಲೇ ಬಂದ ಅವರು ಅಭ್ಯಾಸದಂತೆ ಸಂಗಾತಿಗಳೇ ಎಂದು ಸಂಬೋಧಿಸಿದಾಗ ಜನ ಕೂಗಿ ವಿರೋಧಿಸಿದರು. ಕೊನೆಗೆ ಅವರು ಜನರೊಂದಿಗೆ ರಾಷ್ಟ್ರಗೀತೆ ಹಾಡಿ ಒಳಗೆ ಹೋದರು. ಆ ರಾತ್ರಿ ಸ್ಟಾಲಿನ್ನರ ದೈತ್ಯ ಪ್ರತಿಮೆ ಉರುಳಿತು. ರೇಡಿಯೋ ಕಟ್ಟಡದ ಬಳಿ ಗುಂಡು ಹಾರಿತು. ಮರುದಿನ ನಾಜ್ ಮತ್ತೆ ಪ್ರಧಾನಿ. ರಷ್ಯದ ಟ್ಯಾಂಕುಗಳೂ ಬೀದಿಯಲ್ಲಿ.

ಮೊದಲ ಕೆಲವು ದಿನ ಅವರು ಇತ್ತ ಪಕ್ಷ, ಅತ್ತ ಜನ ಎಂದು ತೊಳಲಾಡಿದರು. 25ರಂದು ಸಂಸತ್ ಭವನದ ಮುಂದೆಯೇ ನಿರಾಯುಧ ಜನರ ಮೇಲೆ ಗುಂಡಿನ ಮಳೆ ಸುರಿಯಿತು. 28ರಂದು ಅವರು ತಮ್ಮ ನಿಲುವನ್ನು ಬದಲಿಸಿ, ನಡೆಯುತ್ತಿರುವುದು ದಂಗೆಯಲ್ಲ, ರಾಷ್ಟ್ರದ ಚಳವಳಿ ಎಂದು ಒಪ್ಪಿ ಕದನ ವಿರಾಮ ಘೋಷಿಸಿದರು. 30ರಂದು ಏಕಪಕ್ಷದ ಆಳ್ವಿಕೆಯನ್ನು ಕೊನೆಗಾಣಿಸಿದರು. ಮಾಸ್ಕೋ ಮೊದಲು ಸೈನ್ಯವನ್ನು ಹಿಂತೆಗೆಯುವಂತೆ ತೋರಿಸಿಕೊಂಡು, 31ರಂದು ಮನಸ್ಸು ಬದಲಿಸಿತು. ಹೊಸ ಪಡೆಗಳು ಗಡಿ ದಾಟಿ ಬರುತ್ತಿವೆ ಎಂದು ತಿಳಿದಾಗಲೇ ನಾಜ್ ನವೆಂಬರ್ 1ರ ಆ ಘೋಷಣೆಯನ್ನು ಮಾಡಿದ್ದು. ವಿಶ್ವಸಂಸ್ಥೆಗೂ ಮೊರೆಯಿಟ್ಟರು.

ಆದರೆ ಜಗತ್ತಿನ ಕಣ್ಣು ಬೇರೆಡೆ ಇತ್ತು. ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲುಗಳು ಈಜಿಪ್ಟಿನ ಮೇಲೆ ಬಿದ್ದಿದ್ದವು. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಉಳಿದದ್ದು ಕೆಲವೇ ದಿನ. ವರ್ಷಗಟ್ಟಲೆ ರೇಡಿಯೋ ಮೂಲಕ ಪೂರ್ವ ಯೂರೋಪಿನ ಜನರನ್ನು ಹುರಿದುಂಬಿಸಿದ್ದ ಅಮೆರಿಕ, ಅಣುಯುದ್ಧದ ಅಂಜಿಕೆಯಿಂದ ಒಬ್ಬ ಸೈನಿಕನನ್ನೂ ಕಳಿಸಲಿಲ್ಲ. ನಮ್ಮ ಭಾರತವೂ ಆಗ ಕೀರ್ತಿ ಪಡೆಯಲಿಲ್ಲ. ನವೆಂಬರ್ 9ರಂದು, ರಷ್ಯದ ಸೈನ್ಯ ಹೊರಹೋಗಬೇಕು, ಹಂಗೇರಿಯಲ್ಲಿ ಮುಕ್ತ ಚುನಾವಣೆ ನಡೆಯಬೇಕು ಎಂಬ ನಿರ್ಣಯ ವಿಶ್ವಸಂಸ್ಥೆಯ ಮುಂದೆ ಬಂದಾಗ, ಕೋಝಿಕ್ಕೋಡಿನವರಾದ ವಿ. ಕೆ. ಕೃಷ್ಣ ಮೆನನ್ ಅವರ ನೇತೃತ್ವದ ನಮ್ಮ ನಿಯೋಗ ಅದರ ವಿರುದ್ಧ ಮತ ಹಾಕಿತು. ಇದಕ್ಕೆ ದೇಶದೊಳಗೆ ಬಲವಾದ ಟೀಕೆ ಬಂತು. ತಟಸ್ಥನಾಗಲು ಹೊರಟ ಸಣ್ಣ ದೇಶಕ್ಕೆ ತಟಸ್ಥ ನೀತಿಯ ದೊಡ್ಡ ದೇಶದ ಆಸರೆಯೂ ಸಾಕಷ್ಟು ಸಿಗಲಿಲ್ಲ.

ನವೆಂಬರ್ 4ರ ಬೆಳಗಿನ ಜಾವ ದಾಳಿ ನಡೆಯಿತು. ನಾಜ್ ರೇಡಿಯೋದಲ್ಲಿ ಕಿರು ಭಾಷಣವೊಂದನ್ನು ಮಾಡಿ, ಯುಗೋಸ್ಲಾವ್ ರಾಯಭಾರಿ ಕಚೇರಿಯಲ್ಲಿ ಆಶ್ರಯ ಪಡೆದರು. ಹೋರಾಟದಲ್ಲಿ ಸುಮಾರು 2,500 ಹಂಗೇರಿಯನರೂ 700ರಷ್ಟು ರಷ್ಯನ್ ಸೈನಿಕರೂ ಸತ್ತರು. ಎರಡು ಲಕ್ಷದಷ್ಟು ಜನ ಗಡಿ ದಾಟಿ ಓಡಿದರು.

ಸಹಿ ಹಾಕದ ಕೈ

ಮೂರು ದಿನ ಮೊದಲಿನವರೆಗೂ ನಾಜ್ ಅವರ ಮಂತ್ರಿಮಂಡಲದಲ್ಲೇ ಇದ್ದ ಯಾನೋಶ್ ಕಾದಾರ್, ರಷ್ಯದ ಟ್ಯಾಂಕುಗಳ ಹಿಂದೆ ಹೊಸ ಪ್ರಧಾನಿಯಾಗಿ ಬಂದರು. ಕಾದಾರರಿಗೆ ಬೇಕಾದದ್ದು ಒಂದೇ: ನಾಜ್ ರಾಜೀನಾಮೆ ಕೊಡಬೇಕು, ಹೊಸ ಸರಕಾರವನ್ನು ಒಪ್ಪಬೇಕು. ಒಂದು ಸಹಿ ಹಾಕಿದ್ದರೆ ಜೀವ ಉಳಿಯುವ ಸಂಭವವಿತ್ತು. ಹಿಂದೆ ಅನೇಕ ಸಲ ಬಾಗಿದ್ದ ಆ ಮನುಷ್ಯ ಈಗ ಬಾಗಲಿಲ್ಲ.

ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲವೆಂದು ಕಾದಾರ್ ಬರಹದಲ್ಲಿ ಭರವಸೆ ಕೊಟ್ಟ ಮೇಲೆ, ನವೆಂಬರ್ 22ರಂದು ನಾಜ್ ಮತ್ತು ಸಂಗಡಿಗರು ಕಚೇರಿಯಿಂದ ಹೊರಬಂದು ಬಸ್ಸು ಹತ್ತಿದರು. ಬಸ್ಸು ಅವರ ಮನೆಗಳಿಗೆ ಹೋಗಲಿಲ್ಲ. ರಷ್ಯನ್ ಅಧಿಕಾರಿಗಳು ಅವರನ್ನು ಹಿಡಿದು ರುಮೇನಿಯಾದ ಸ್ನಾಗೋವ್ ಎಂಬಲ್ಲಿಗೆ ಸಾಗಿಸಿದರು. 1957ರ ಏಪ್ರಿಲಿನಲ್ಲಿ ನಾಜ್ ಕೈದಿಯಾಗಿ ಬುಡಾಪೆಸ್ಟಿಗೆ ಬಂದರು.

ವಿಚಾರಣೆ ಗುಟ್ಟಾಗಿ ನಡೆದು 1958ರ ಜೂನ್ 15ರಂದು ಮುಗಿಯಿತು. ಮರಣದಂಡನೆಯ ತೀರ್ಪು ಕೇಳಿದ ನಾಜ್ ಕ್ಷಮೆ ಬೇಡಲಿಲ್ಲ. ತಮ್ಮ ಜನರೂ ಜಗತ್ತಿನ ಕಾರ್ಮಿಕ ವರ್ಗವೂ ಮುಂದೊಂದು ದಿನ ತಮ್ಮನ್ನು ನಿರಪರಾಧಿಯೆಂದು ಹೇಳುವರೆಂಬ ನಂಬಿಕೆಯನ್ನು ಮಾತ್ರ ತಿಳಿಸಿದರು. ಮರುದಿನ ಮುಂಜಾನೆ ಅವರನ್ನೂ, ರಕ್ಷಣಾ ಮಂತ್ರಿಯಾಗಿದ್ದ ಪಾಲ್ ಮಾಲೇತರ್ ಮತ್ತು ಪತ್ರಕರ್ತ ಮಿಕ್ಲೋಶ್ ಗಿಮೆಶ್ ಅವರನ್ನೂ ಗಲ್ಲಿಗೇರಿಸಿದರು. ದೇಹವನ್ನು ಸೆರೆಮನೆಯ ಅಂಗಳದಲ್ಲೇ ಹೂತು, 1961ರಲ್ಲಿ ನಗರದ ದೊಡ್ಡ ಸ್ಮಶಾನದ ಮೂಲೆಯಲ್ಲಿನ 301ನೆಯ ಭಾಗಕ್ಕೆ ಸಾಗಿಸಿದರು. ಡಾಮರು ಕಾಗದದಲ್ಲಿ ಸುತ್ತಿ, ಮುಖ ಕೆಳಗಾಗಿ ಮಲಗಿಸಿ, ದಾಖಲೆಯಲ್ಲಿ ಬೇರಾವುದೋ ಹೆಂಗಸಿನ ಹೆಸರು ಬರೆದರು. ಮೂವತ್ತು ವರ್ಷ ಆ ಗೋರಿಗೆ ಹೆಸರಿರಲಿಲ್ಲ.

ಜನ ಕೊಟ್ಟ ತೀರ್ಪು

ನಾಜ್ ಸತ್ತಾಗ ನಮ್ಮ ಕೇರಳದಲ್ಲಿ, ಚುನಾವಣೆಯ ಮೂಲಕ 1957ರಲ್ಲಿ ಅಧಿಕಾರಕ್ಕೆ ಬಂದ ಇ. ಎಂ. ಎಸ್. ನಂಬೂದಿರಿಪ್ಪಾಡರ ಕಮ್ಯೂನಿಸ್ಟ್ ಮಂತ್ರಿಮಂಡಲ ಇತ್ತು. ಆಮೇಲೆ ಇಲ್ಲಿನ ಕಮ್ಯೂನಿಸ್ಟರು ಎಷ್ಟೋ ಸಲ ಗೆದ್ದಿದ್ದಾರೆ, ಸೋತಿದ್ದಾರೆ. ಸೋತಾಗ ಕುರ್ಚಿ ಬಿಟ್ಟು ವಿರೋಧ ಪಕ್ಷದಲ್ಲಿ ಕುಳಿತಿದ್ದಾರೆ. ನಾಜ್ ತಮ್ಮ ನಾಡಿಗೆ ಬಯಸಿದ್ದೂ ಇಷ್ಟನ್ನೇ: ಸೋಲಲು ಒಪ್ಪುವ ಸಮಾಜವಾದವನ್ನು. ಪೂರ್ವ ಯೂರೋಪು ಅದಕ್ಕೆ ಎಡೆಗೊಡಲಿಲ್ಲ. ಒಳಗಿನಿಂದ ತಿದ್ದಲು ಬಂದವರನ್ನೇ ಕೊಂದ ಮೇಲೆ ತಿದ್ದುವವರಾರು?

1989ರ ಹೊತ್ತಿಗೆ ರಷ್ಯ ತಾನೇ ಸೊರಗಿತ್ತು. ಗೊರ್ಬಚೇವ್ ಟ್ಯಾಂಕು ಕಳಿಸುವವರಾಗಿರಲಿಲ್ಲ. ಜೂನ್ 16ರಂದು, ಗಲ್ಲಾದ ಮೂವತ್ತೊಂದನೆಯ ವರ್ಷಕ್ಕೆ ಸರಿಯಾಗಿ, ಬುಡಾಪೆಸ್ಟಿನ ವೀರರ ಚೌಕದಲ್ಲಿ ಆರು ಶವಪೆಟ್ಟಿಗೆಗಳನ್ನು ಇರಿಸಲಾಯಿತು. ಐದರಲ್ಲಿ ನಾಜ್ ಮತ್ತು ನಾಲ್ವರು ಸಂಗಡಿಗರು. ಆರನೆಯದು ಖಾಲಿ, ಹೆಸರಿಲ್ಲದೆ ಸತ್ತ ಹೋರಾಟಗಾರರಿಗಾಗಿ. ಲಕ್ಷಗಟ್ಟಲೆ ಜನ ಮೌನವಾಗಿ ನಿಂತರು. ಜುಲಾಯಿ 6ರಂದು ಸರ್ವೋಚ್ಚ ನ್ಯಾಯಾಲಯ ನಾಜ್ ನಿರಪರಾಧಿಯೆಂದು ಘೋಷಿಸಿತು. ಅದೇ ದಿನ ಕಾದಾರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಕ್ಟೋಬರ್ 23ರಂದು ಹಂಗೇರಿ ಗಣರಾಜ್ಯವಾಯಿತು. ಎರಡು ವರ್ಷಗಳಲ್ಲಿ ಸೋವಿಯೆತ್ ಒಕ್ಕೂಟವೇ ಇಲ್ಲವಾಯಿತು.

ಬುಡಾಪೆಸ್ಟಿನ ಸಂಸತ್ ಭವನದ ಸಮೀಪ 1996ರಲ್ಲಿ ನಾಜ್ ಅವರ ಪ್ರತಿಮೆ ನಿಂತಿತು. ಪುಟ್ಟ ಸೇತುವೆಯೊಂದರ ಮೇಲೆ ನಿಂತು ಸಂಸತ್ತಿನ ಕಡೆ ನೋಡುವ ಪ್ರತಿಮೆ ಅದು. 2018ರ ಕೊನೆಯಲ್ಲಿ ಅಲ್ಲಿನ ಸರಕಾರ ಅದನ್ನು ಕಿತ್ತು ನಗರದ ಬೇರೊಂದು ಚೌಕಕ್ಕೆ ಸಾಗಿಸಿತು. ಕಮ್ಯೂನಿಸ್ಟರಿಗೆ ದ್ರೋಹಿಯಾಗಿ ಕಂಡವರು ಕಮ್ಯೂನಿಸ್ಟರ ವೈರಿಗಳಿಗೂ ಪೂರ್ತಿ ಹಿಡಿಸಲಿಲ್ಲ. ಬಣಗಳ ನಡುವೆ ನಿಂತವರ ಪಾಡು ಬಹುಶಃ ಎಲ್ಲ ಕಾಲಕ್ಕೂ ಹೀಗೆಯೇ. ಆದರೆ ಪ್ರತಿಮೆ ಎಲ್ಲಿದ್ದರೂ, ತನ್ನ ಜನರ ಪರವಾಗಿ ಆಡಿದ ಮಾತನ್ನು ಜೀವದಾಸೆಗಾಗಿ ಹಿಂತೆಗೆದುಕೊಳ್ಳದ ಮುದುಕನೊಬ್ಬನಿದ್ದನೆಂಬ ಸಂಗತಿ ಸ್ಥಳ ಬದಲಿಸುವಂಥದ್ದಲ್ಲ.