ಬಾರ್ಟಲ್ ಫ್ರೆರ್

ಸರ್ ಹೆನ್ರಿ ಬಾರ್ಟಲ್ ಎಡ್ವರ್ಡ್ ಫ್ರೆರ್ (೨೯ ಮಾರ್ಚ್ ೧೮೧೫ – ೨೯ ಮೇ ೧೮೮೪) ಬ್ರಿಟಿಷ್ ಭಾರತದ ಪ್ರಮುಖ ಆಡಳಿತಗಾರರಲ್ಲಿ ಒಬ್ಬರು. ೧೮೫೦ರಿಂದ ೧೮೫೯ರವರೆಗೆ ಸಿಂಧ್ ಪ್ರಾಂತದ ಕಮಿಷನರ್ ಆಗಿಯೂ, ೧೮೬೨ರಿಂದ ೧೮೬೭ರವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆಗಿಯೂ ಸೇವೆ ಸಲ್ಲಿಸಿದರು. ಕರಾಚಿಯನ್ನು ರೈಲುಮಾರ್ಗದೊಡನೆ ಜೋಡಿಸಿ ದೊಡ್ಡ ಬಂದರಾಗಿ ಬೆಳೆಸಿದವರಲ್ಲಿ ಇವರ ಹೆಸರು ಮೊದಲ ಸಾಲಿನಲ್ಲಿದೆ. ಕಾರವಾರವು ಹತ್ತಿಯ ಬಂದರಾಗಿ ರೂಪುಗೊಳ್ಳತೊಡಗಿದ್ದೂ ಇವರ ಆಡಳಿತದ ಕಾಲದಲ್ಲಿಯೇ.

ಜನನ ಮತ್ತು ಆರಂಭಿಕ ಜೀವನ

ಫ್ರೆರ್ ಅವರು ವೇಲ್ಸ್ ಪ್ರದೇಶದ ಬ್ರೆಕ್‌ನಾಕ್‌ಶೈರ್‌ನಲ್ಲಿ ಜನಿಸಿದರು. ಹೇಲಿಬರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಶಿಕ್ಷಣ ಪಡೆದು, ೧೮೩೪ರಲ್ಲಿ ಮುಂಬಯಿ ಪ್ರಾಂತದ ನಾಗರಿಕ ಸೇವೆಗೆ ಸೇರಿದರು. ೧೮೪೨ರಲ್ಲಿ ಗವರ್ನರ್ ಸರ್ ಜಾರ್ಜ್ ಆರ್ಥರ್ ಅವರ ಆಪ್ತ ಕಾರ್ಯದರ್ಶಿಯಾದರು. ೧೮೪೪ರಲ್ಲಿ ಅವರ ಮಗಳು ಕ್ಯಾಥರೀನ್‌ರನ್ನು ವಿವಾಹವಾದರು. ಮುಂದೆ ಸಾತಾರಾ ಸಂಸ್ಥಾನದಲ್ಲಿ ರೆಸಿಡೆಂಟ್ ಆದರು. ೧೮೪೮ರಲ್ಲಿ ರಾಜನು ತೀರಿಕೊಂಡಾಗ ಆ ಸಂಸ್ಥಾನವನ್ನು ಕಂಪನಿಯ ಆಳ್ವಿಕೆಗೆ ಸೇರಿಸಿಕೊಳ್ಳುವುದನ್ನು ಇವರು ಒಪ್ಪಲಿಲ್ಲ. ಆದರೂ ವಿಲೀನದ ನಂತರ ಅಲ್ಲಿನ ಆಡಳಿತವನ್ನು ಇವರೇ ನಿರ್ವಹಿಸಬೇಕಾಯಿತು.

ಸಿಂಧ್ ಮತ್ತು ಕರಾಚಿ ಬಂದರು

೧೮೫೦ರಲ್ಲಿ ಸಿಂಧ್‌ನ ಕಮಿಷನರ್ ಆದ ಫ್ರೆರ್, ಅಲ್ಲಿನ ಅಂಚೆ ವ್ಯವಸ್ಥೆಯನ್ನು ಸುಧಾರಿಸಿದರು. ೧೮೫೨ರ ‘ಸಿಂಧ್ ಡಾಕ್’ ಅಂಚೆಚೀಟಿಗಳು ಆ ಸುಧಾರಣೆಯ ಫಲ. ಕರಾಚಿ ಬಂದರಿನ ಅಭಿವೃದ್ಧಿಗೆ ಒತ್ತಾಯಿಸುತ್ತಲೇ, ಒಳನಾಡಿನ ಸರಕನ್ನು ಹಡಗಿನವರೆಗೆ ತರುವ ದಾರಿಯೂ ಬೇಕೆಂದು ವಾದಿಸಿದರು. ಇದರ ಫಲವಾಗಿ ಕರಾಚಿಯಿಂದ ಸಿಂಧೂ ನದಿಯ ದಡದ ಕೋಟ್ರಿಯವರೆಗೆ ಸುಮಾರು ೧೭೪ ಕಿ.ಮೀ. ಉದ್ದದ ರೈಲುಮಾರ್ಗ ನಿರ್ಮಾಣವಾಗಿ, ೧೮೬೧ರಲ್ಲಿ ಸಂಚಾರಕ್ಕೆ ತೆರೆಯಿತು. ನದಿಯ ಮೇಲೆ ದೋಣಿಗಳಲ್ಲಿ ಬಂದ ಸರಕು ಕೋಟ್ರಿಯಲ್ಲಿ ರೈಲಿಗೇರಿ ಕರಾಚಿಗೆ ಸಾಗುತ್ತಿತ್ತು. ಇಂದಿನ ಒಳನಾಡು ಸರಕು ನಿಲ್ದಾಣಗಳು ಮಾಡುವ ಕೆಲಸವನ್ನು ಅಂದು ಕೋಟ್ರಿ ಮಾಡಿತು.

ಮುಂಬಯಿ ಗವರ್ನರ್

೧೮೫೯ರಿಂದ ಕಲ್ಕತ್ತೆಯಲ್ಲಿ ವೈಸರಾಯರ ಕೌನ್ಸಿಲ್ ಸದಸ್ಯರಾಗಿದ್ದ ಫ್ರೆರ್, ೧೮೬೨ರಲ್ಲಿ ಮುಂಬಯಿಯ ಗವರ್ನರ್ ಆದರು. ಅಮೆರಿಕದ ಅಂತರ್ಯುದ್ಧದಿಂದ (೧೮೬೧–೬೫) ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ದೊರೆಯದಂತಾಗಿ, ಭಾರತದ ಹತ್ತಿಗೆ ಬೇಡಿಕೆ ಹೆಚ್ಚಿತ್ತು. ಇವರ ಕಾಲದಲ್ಲಿ ಮುಂಬಯಿಯ ಹಳೆಯ ಕೋಟೆಗೋಡೆಗಳನ್ನು ಕೆಡವಿ ನಗರವನ್ನು ವಿಸ್ತರಿಸಲಾಯಿತು. ೧೮೬೩ರಲ್ಲಿ ಭೋರ್ ಘಾಟಿನ ರೈಲುಮಾರ್ಗವನ್ನು ಇವರು ಉದ್ಘಾಟಿಸಿದರು. ಹತ್ತಿಯಲ್ಲಿ ಕಲಬೆರಕೆ ಮಾಡುವುದನ್ನು ತಡೆಯುವ ಕಾನೂನೂ ಅದೇ ವರ್ಷ ಜಾರಿಗೆ ಬಂದಿತು. ೧೮೬೫ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದ ನಂತರದ ವರ್ಷಗಳಲ್ಲಿ ಬ್ಯಾಂಕ್ ಆಫ್ ಬಾಂಬೆ ಸಹ ನೆಲಕಚ್ಚಿತು. ಅದರ ವ್ಯವಹಾರವನ್ನು ಸಕಾಲದಲ್ಲಿ ಹತೋಟಿಗೆ ತರಲಿಲ್ಲವೆಂದು ಫ್ರೆರ್ ಅವರ ಸರ್ಕಾರ ಟೀಕೆಗೆ ಗುರಿಯಾಯಿತು.

ಕಾರವಾರ ಬಂದರು

ಧಾರವಾಡ, ಹುಬ್ಬಳ್ಳಿ, ಗದಗ ಭಾಗದ ಹತ್ತಿಯು ಎತ್ತುಗಳ ಮೇಲೆ ಹಾಗೂ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯನ್ನು ಸೇರುತ್ತಿತ್ತು. ಇದರಿಂದಾಗಿ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿಯೆಂದೇ ಕರೆಯುತ್ತಿದ್ದರು. ಆದರೆ ಕುಮಟೆಯಲ್ಲಿ ದೊಡ್ಡ ಹಡಗುಗಳಿಗೆ ಆಸರೆಯಿರಲಿಲ್ಲ. ಕಾಳಿ ನದಿಯ ಮುಖದಲ್ಲಿ ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಕಾರವಾರವು ಸ್ವಾಭಾವಿಕ ಬಂದರು. ಇಂಗ್ಲೆಂಡಿನ ಹತ್ತಿ ಉದ್ಯಮಿಗಳ ಒತ್ತಾಯದಿಂದ, ಹತ್ತಿ ಬೆಳೆಯುವ ಧಾರವಾಡವೂ ಅದನ್ನು ಸಾಗಿಸುವ ಬಂದರೂ ಒಂದೇ ಆಡಳಿತದಲ್ಲಿರಲೆಂದು, ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಕಾರವಾರವು ಜಿಲ್ಲಾಕೇಂದ್ರವಾಯಿತು.

ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಹತ್ತಿ ಒತ್ತುವ ಯಂತ್ರಗಳನ್ನು ನದಿಯ ಉತ್ತರ ದಡದ ಸದಾಶಿವಗಡಕ್ಕೆ ಕಳುಹಿಸಿತು. ಯಂತ್ರಗಳು ಬಂದಾಗ ಘಟ್ಟದ ರಸ್ತೆ ಇನ್ನೂ ಪೂರ್ಣಗೊಂಡಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ತನ್ನ ವ್ಯವಹಾರವನ್ನು ಮುಚ್ಚಿತು. ಫ್ರೆರ್ ಅವರ ಅವಧಿಯಲ್ಲಿ ಕಾರವಾರಕ್ಕೆ ದೀಪಸ್ತಂಭ, ಕಚೇರಿಗಳು ಮತ್ತು ರಸ್ತೆಗಳು ದೊರೆತವು. ಕರಾಚಿಗೆ ದೊರೆತಂತಹ ರೈಲು ದೊರೆಯಲಿಲ್ಲ.

೧೮೬೯ರಿಂದ ೧೮೭೪ರವರೆಗೆ ಕಾರವಾರವನ್ನು ರೈಲಿನಿಂದ ಒಳನಾಡಿಗೆ ಜೋಡಿಸಬೇಕೆಂಬ ಪ್ರಯತ್ನ ನಡೆಯಿತು. ೧೮೭೮ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದ ನಂತರ ಆ ಅವಕಾಶ ಗೋವೆಯ ಮರ್ಮಗೋವಾ ಬಂದರಿನ ಪಾಲಾಯಿತು. ೧೮೮೮ರ ವೇಳೆಗೆ ಮರ್ಮಗೋವಾದಿಂದ ಕ್ಯಾಸಲ್‌ರಾಕ್‌ವರೆಗಿನ ಮಾರ್ಗ ಸಿದ್ಧವಾಗಿ, ಲೋಂಡಾ ಮೂಲಕ ಹುಬ್ಬಳ್ಳಿಯ ಕಡೆಯ ಮೀಟರ್‌ಗೇಜ್ ಮಾರ್ಗವನ್ನು ಕೂಡಿಕೊಂಡಿತು. ಸರಕು ಆ ದಾರಿ ಹಿಡಿದ ಮೇಲೆ ಕಾರವಾರದ ವ್ಯಾಪಾರ ಬಹಳವಾಗಿ ಇಳಿಯಿತು.

ನಂತರದ ಜೀವನ

೧೮೬೭ರಲ್ಲಿ ಇಂಗ್ಲೆಂಡಿಗೆ ಮರಳಿದ ಫ್ರೆರ್, ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಾತುಕತೆಗಾಗಿ ೧೮೭೨ರಲ್ಲಿ ಜಾಂಜಿಬಾರ್‌ಗೆ ನಿಯೋಜಿತರಾದರು. ಮರುವರ್ಷ ಅಲ್ಲಿನ ಸುಲ್ತಾನರು ಒಪ್ಪಂದಕ್ಕೆ ಸಹಿ ಹಾಕಿದರು. ೧೮೭೭ರಲ್ಲಿ ದಕ್ಷಿಣ ಆಫ್ರಿಕಾದ ಹೈಕಮಿಷನರ್ ಆದರು. ಲಂಡನ್ನಿನ ಒಪ್ಪಿಗೆಗೆ ಕಾಯದೆ ಜುಲು ದೊರೆ ಸೆಟೆವಾಯೊಗೆ ಅಂತಿಮ ಷರತ್ತುಗಳನ್ನು ಕಳುಹಿಸಿ, ೧೮೭೯ರ ಜುಲು ಯುದ್ಧಕ್ಕೆ ಕಾರಣರಾದರು. ೧೮೮೦ರಲ್ಲಿ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ೧೮೮೪ರಲ್ಲಿ ವಿಂಬಲ್ಡನ್ನಿನಲ್ಲಿ ನಿಧನರಾದರು. ಸಂತ ಪಾಲರ ಕೆಥೆಡ್ರಲ್‌ನಲ್ಲಿ ಅವರ ಸಮಾಧಿಯಿದೆ.

ಪರಂಪರೆ

ಕರಾಚಿಯ ಫ್ರೆರ್ ಹಾಲ್ ಇವರ ಹೆಸರನ್ನು ಉಳಿಸಿಕೊಂಡಿದೆ. ಮುಂಬಯಿ ಬಂದರಿನ ಪಕ್ಕದ ಫ್ರೆರ್ ರಸ್ತೆಗೆ ಈಗ ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ಅವರ ಹೆಸರಿದೆ. ಮಗಳು ಮೇರಿ ಫ್ರೆರ್ ಸಂಗ್ರಹಿಸಿದ ದಖನ್ ಪ್ರದೇಶದ ಜನಪದ ಕಥೆಗಳು ೧೮೬೮ರಲ್ಲಿ ಪ್ರಕಟವಾದವು.

ಕಾರವಾರ, ಅಂಕೋಲಾಗಳಿಗೆ ರೈಲು ಬಂದದ್ದು ೨೦ನೆಯ ಶತಮಾನದ ಕೊನೆಯಲ್ಲಿ. ೧೯೯೮ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆಯು ಕರಾವಳಿಯುದ್ದಕ್ಕೂ ಸಾಗುತ್ತದೆಯೇ ಹೊರತು ಇಲ್ಲಿಂದ ಘಟ್ಟವನ್ನೇರುವುದಿಲ್ಲ. ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಕಾರವಾರಕ್ಕೂ ಅಂಕೋಲಾ ತಾಲ್ಲೂಕಿನ ಬೇಲೇಕೇರಿ ಬಂದರಿಗೂ ಲಾರಿಗಳಲ್ಲಿ ಬಂದದ್ದು ಇದೇ ಕಾರಣದಿಂದ. ೧೯೯೦ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗವು ಪಶ್ಚಿಮ ಘಟ್ಟದ ಅರಣ್ಯನಾಶದ ಆಕ್ಷೇಪಗಳಿಂದಾಗಿ ದೀರ್ಘಕಾಲ ನೆನೆಗುದಿಗೆ ಬಿದ್ದಿತು.