ಟಿಪ್ಪು ಸುಲ್ತಾನರ ಕಾಗದಪತ್ರಗಳು

ಮಾಗಡಿಯ ಬಳಿಯ ಸಾವನದುರ್ಗವನ್ನು ನೀವು ನೋಡಿರಬಹುದು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆ ಆ ಬಂಡೆಗೋಟೆಯನ್ನು ಟಿಪ್ಪು ಸುಲ್ತಾನರಿಂದ ಕಸಿದುಕೊಂಡಿತು. ಸುಲ್ತಾನರ ಖಡ್ಗದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅವರ ಲೇಖನಿಯ ಕಥೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಟಿಪ್ಪು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದರು. ತಂದೆ ಹೈದರ್ ಅಲಿ ಓದುಬರಹ ಬಲ್ಲವರಲ್ಲ. ಆದರೆ ಮಗನಿಗೆ ಒಳ್ಳೆಯ ವಿದ್ಯೆ ಕೊಡಿಸಿದರು. 1782ರಲ್ಲಿ ತಂದೆ ತೀರಿಕೊಂಡಾಗ ಅಧಿಕಾರ ವಹಿಸಿಕೊಂಡ ಟಿಪ್ಪು, ಕಿಲ್ಲೇದಾರರಿಂದ ಹಿಡಿದು ವ್ಯಾಪಾರದ ಗುಮಾಸ್ತರವರೆಗೆ ಎಲ್ಲರಿಗೂ ಪತ್ರ ಬರೆಸುತ್ತಿದ್ದರು. ಅವುಗಳ ಪ್ರತಿಗಳು ದಫ್ತರದಲ್ಲಿ ಉಳಿಯುತ್ತಿದ್ದವು.

ಈ ಪತ್ರಗಳು ಅರಬ್ ನಾಡಿಗೂ ಹೋದವು. ಮಸ್ಕತ್‌ನಲ್ಲಿ ಅವರ ಕೋಠಿ ಇತ್ತು. ನಮ್ಮ ಗಂಧ, ಮೆಣಸು, ಅಕ್ಕಿ ಅಲ್ಲಿ ಮಾರಾಟವಾಗುತ್ತಿದ್ದವು. ರೇಷ್ಮೆಹುಳುಗಳನ್ನೂ ಅವುಗಳನ್ನು ಸಾಕಬಲ್ಲವರನ್ನೂ ಕಳುಹಿಸಬೇಕೆಂದು ಅಲ್ಲಿನ ದಾರೋಗನಿಗೆ ಬರೆದರು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವವರು ಇದನ್ನು ನೆನೆಯಬೇಕು.

1786ರಲ್ಲಿ ಅವರ ರಾಯಭಾರಿಗಳು ಹಡಗು ಹತ್ತಿ, ಮಸ್ಕತ್, ಬಸ್ರಾ ಮಾರ್ಗವಾಗಿ ಇಸ್ತಾಂಬುಲ್‌ಗೆ ಹೊರಟರು. ಬಸ್ರಾ ಬಂದರನ್ನು ಗುತ್ತಿಗೆಗೆ ಪಡೆದು, ಬದಲಿಗೆ ಮಂಗಳೂರಿನಲ್ಲಿ ಸೌಲಭ್ಯ ಕೊಡುವುದು ಸುಲ್ತಾನರ ಪ್ರಸ್ತಾಪ. ಅದು ಈಡೇರಲಿಲ್ಲ. ನೂರಾರು ಮಂದಿ ರೋಗಕ್ಕೂ ಕಡಲಿಗೂ ಬಲಿಯಾದರು. ಉಳಿದವರು ಈಜಿಪ್ಟ್, ಹಿಜಾಝ್ ದಾರಿಯಾಗಿ ಮರಳಿದರು. ಆ ತಂಡದ ಖ್ವಾಜಾ ಅಬ್ದುಲ್ ಖಾದಿರ್ ಬರೆದ ದಿನಚರಿ ಮಾತ್ರ ನಮಗೆ ಉಳಿದಿದೆ. ಅದು 1968ರಲ್ಲಿ ಅಚ್ಚಾಯಿತು.

1799ರ ಮೇ 4ರಂದು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಾ ಹುತಾತ್ಮರಾದರು. ಅರಮನೆಯ ಒಡವೆಗಳು ಲೂಟಿಯಾದವು. ಸುಮಾರು 2000 ಗ್ರಂಥಗಳ ಭಂಡಾರವೂ ದಫ್ತರವೂ ಬ್ರಿಟಿಷರ ಕೈಸೇರಿದವು. ಸುಲ್ತಾನರು ಸ್ವಹಸ್ತದಿಂದ ಬರೆದು ಗುಟ್ಟಾಗಿಟ್ಟಿದ್ದ ಕನಸುಗಳ ಪುಸ್ತಕ ಕೂಡ ಲಂಡನ್‌ಗೆ ಹೋಯಿತು.

ಗೆದ್ದವರು ಕಾಗದಗಳನ್ನು ಹೇಗೆ ಬಳಸಿದರೆಂದು ನೋಡಿ. ತಾವು ಮಾಡಿದ ಯುದ್ಧ ನ್ಯಾಯವೆಂದು ತೋರಿಸಲು ಬೇಕಾದ ಪತ್ರಗಳನ್ನು ಆರಿಸಿ ಅದೇ ವರ್ಷ ಕಲ್ಕತ್ತೆಯಲ್ಲಿ ಅಚ್ಚು ಹಾಕಿದರು. 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಪತ್ರಗಳನ್ನು ಇಂಗ್ಲಿಷಿಗೆ ತಂದು, ಸುಲ್ತಾನರನ್ನು ಕ್ರೂರಿಯೆಂದು ಬಣ್ಣಿಸಿದ. ಆದರೆ ಅದೇ ಪತ್ರಗಳಲ್ಲಿ ಹಡಗು, ರೇಷ್ಮೆ, ಬೇಸಾಯದ ಚಿಂತೆಯೂ ಇತ್ತು. ಒಂದೂವರೆ ಶತಮಾನದ ನಂತರ, 1951ರಲ್ಲಿ, ಮೊಹಿಬ್ಬುಲ್ ಹಸನ್ ಅವರು ಇಂತಹ ದಾಖಲೆಗಳನ್ನೆಲ್ಲ ಪರಿಶೀಲಿಸಿ ಸುಲ್ತಾನರ ಚರಿತ್ರೆಯನ್ನು ಬೇರೆಯೇ ರೀತಿಯಲ್ಲಿ ಬರೆದರು. ಕಾಗದ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿರುವುದು ನಿಮಗೆ ತಿಳಿದಿದೆ. ಹಾಗಿರುವಾಗ ನಮ್ಮ ಮಸೀದಿಯ ವಕ್ಫ್ ಪತ್ರ ಎಲ್ಲಿದೆ? ನಿಕಾಹ್‌ನ ದಫ್ತರ ಗೆದ್ದಲು ತಿನ್ನುತ್ತಿದೆಯೇ? ಅಜ್ಜ ಬರೆದಿಟ್ಟ ಲೆಕ್ಕಪುಸ್ತಕ ರದ್ದಿಗೆ ಹೋಯಿತೇ? ನಮ್ಮ ಕಾಗದಗಳನ್ನು ನಾವು ಕಾಪಾಡದಿದ್ದರೆ, ನಮ್ಮ ಕಥೆಯನ್ನು ಬೇರೆಯವರು ತಮಗೆ ಬೇಕಾದಂತೆ ಹೇಳುತ್ತಾರೆ. ಅವು ಮುಂದಿನ ಪೀಳಿಗೆಗೆ ಸೇರಬೇಕಾದ ಅಮಾನತ್. ಅಮಾನತನ್ನು ಹಾಳುಗೆಡಹುವುದು ವಿಶ್ವಾಸಿಗೆ ಸಲ್ಲದು.