ಜಗದ್ಗುರುವೆನಿಸಿದ ಬಾದಶಹ

ಜಗದ್ಗುರು ಎಂಬ ಮಾತನ್ನು ನಮ್ಮ ಕಡೆಯ ಜನ ಕಂಡಕಂಡವರಿಗೆ ಆಡುವುದಿಲ್ಲ. ಪೀಠವನ್ನೇರಿದ ಗುರುಗಳಿಗೆ ಮಾತ್ರ ಸಲ್ಲುವ ಆ ಹೆಸರು ಒಂದಾನೊಂದು ಕಾಲದಲ್ಲಿ ಬಿಜಾಪುರದ ಮುಸಲ್ಮಾನ ಅರಸನೊಬ್ಬನಿಗೆ ಸಂದಿತ್ತು. ಆತನೇ ಆದಿಲಶಾಹಿ ಮನೆತನದ ಇಮ್ಮಡಿ ಇಬ್ರಾಹಿಮನು. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಸೀಮೆಯೆಲ್ಲ ಆತನ ಆಳ್ವಿಕೆಗೆ ಒಳಪಟ್ಟಿತ್ತು. 1997ರವರೆಗೆ ನಮ್ಮ ಜಿಲ್ಲೆಯೂ ಬಿಜಾಪುರ ಜಿಲ್ಲೆಯ ಭಾಗವೇ ಆಗಿದ್ದಿತು. ಆದುದರಿಂದ ಆತನ ಚರಿತ್ರೆಯು ನಮಗೆ ಪರರ ಚರಿತ್ರೆಯಲ್ಲ.

ಹದಿನಾರನೆಯ ಶತಮಾನವು ಜಗತ್ತಿನಲ್ಲೆಲ್ಲ ಧರ್ಮದ ಗೊಂದಲದ ಕಾಲ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯು 1534ರಲ್ಲಿ ರೋಮಿನ ಪೋಪರ ಅಧಿಕಾರವನ್ನು ಕಿತ್ತೊಗೆದನು. ಆತನ ಮಗಳು ಮೇರಿ ಅದನ್ನು ಮರಳಿ ತಂದಳು; ಇನ್ನೊಬ್ಬ ಮಗಳು ಎಲಿಜಬೆತ್ ಮತ್ತೆ ತೆಗೆದುಹಾಕಿದಳು. ಪ್ರತಿ ಸಲವೂ ಪ್ರಜೆಗಳು ತಲೆ ತೆತ್ತರು. ಬಿಜಾಪುರದಲ್ಲಿಯೂ ಇಂಥದೇ ತೂಗುಯ್ಯಾಲೆ ನಡೆದಿತ್ತು. ಮನೆತನದ ಮೂಲಪುರುಷನಾದ ಯೂಸುಫನು ಶಿಯಾ ಪಂಥವನ್ನು ರಾಜ್ಯದ ಪಂಥವನ್ನಾಗಿ ಸಾರಿದನು. ಮೊಮ್ಮಗನಾದ ಮೊದಲನೆಯ ಇಬ್ರಾಹಿಮನು ಸುನ್ನಿ ಪಂಥಕ್ಕೆ ತಿರುಗಿದನು. ಅವನ ಮಗ ಒಂದನೆಯ ಅಲಿಯು ಮರಳಿ ಶಿಯಾ ಪಂಥವನ್ನು ಹಿಡಿದನು. ಅರಸನು ಬದಲಾದಂತೆಲ್ಲ ಮಸೀದಿಯ ಪ್ರಾರ್ಥನೆಯೂ ಬದಲಾಗುತ್ತಿತ್ತು. ಒಂದು ಪಂಗಡದ ಸರದಾರರು ಏರಿದರೆ ಇನ್ನೊಂದು ಪಂಗಡದವರು ಬೀಳುತ್ತಿದ್ದರು.

1580ರಲ್ಲಿ ಅಲಿಯು ಕೊಲೆಯಾದಾಗ ಅವನಿಗೆ ಗಂಡುಸಂತಾನವಿರಲಿಲ್ಲ. ತಮ್ಮನ ಮಗನಾದ ಇಬ್ರಾಹಿಮನು ಒಂಬತ್ತು ವರ್ಷದ ಎಳೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಬೇಕಾಯಿತು. ಅಲಿಯ ವಿಧವೆ ಚಾಂದಬೀಬಿ ಹುಡುಗನನ್ನು ಸಾಕಿ ಸಲಹಿದಳು. ಅಧಿಕಾರವಾದರೋ ಒಬ್ಬ ಸರದಾರನಿಂದ ಇನ್ನೊಬ್ಬನಿಗೆ ಹರಿದಾಡುತ್ತಿತ್ತು. ಅವರಲ್ಲಿ ಒಬ್ಬನು ಆ ರಾಣಿಯನ್ನೇ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಕೊನೆಗೆ ದಿಲಾವರಖಾನನು ಮೇಲುಗೈ ಪಡೆದು ರಾಜ್ಯವನ್ನು ಪುನಃ ಸುನ್ನಿ ಪಂಥಕ್ಕೆ ಒಯ್ದನು. ಬಾಲಕನು ತನ್ನ ಹೆಸರಿನಲ್ಲಿ ನಡೆಯುತ್ತಿದ್ದ ಈ ಜಗಳಗಳನ್ನೆಲ್ಲ ನೋಡುತ್ತ ಬೆಳೆದನು. 1590ರಲ್ಲಿ ದಿಲಾವರಖಾನನನ್ನು ಓಡಿಸಿ ಅಧಿಕಾರವನ್ನು ಸ್ವಂತ ಕೈಗೆ ತೆಗೆದುಕೊಂಡಾಗ ಅವನಿಗೆ ಇಪ್ಪತ್ತರ ಆಸುಪಾಸು. ನಮ್ಮ ತರಗತಿಗಳಲ್ಲಿ ಕುಳಿತಿರುವವರ ವಯಸ್ಸೇ ಸರಿ!

ಈಗ ಅವನು ಏನು ಮಾಡಿದನು? ತಾನು ಸುನ್ನಿಯಾಗಿಯೇ ಉಳಿದನು. ಆದರೆ ಉಯ್ಯಾಲೆಯನ್ನು ಮತ್ತೊಮ್ಮೆ ತೂಗಲಿಲ್ಲ. ಅಕ್ಬರನಂತೆ ಹೊಸದೊಂದು ಮತವನ್ನೂ ಸ್ಥಾಪಿಸಲಿಲ್ಲ. ಎಲ್ಲರೂ ಕೂಡಿ ಕುಳಿತುಕೊಳ್ಳಬಹುದಾದ ಬೇರೊಂದು ಜಾಗವನ್ನು ಹುಡುಕಿದನು. ಆ ಜಾಗವೇ ಸಂಗೀತ. ನವರಸದ ಕಲ್ಪನೆಯು ಅವನ ಮನಸ್ಸನ್ನು ಸೂರೆಗೊಂಡಿತು. ದಖನಿ ಭಾಷೆಯಲ್ಲಿ ತಾನೇ ಹಾಡುಗಳನ್ನು ಕಟ್ಟಿ, ರಾಗಗಳಿಗೆ ಅಳವಡಿಸಿ, ಆ ಗ್ರಂಥಕ್ಕೆ ಕಿತಾಬ್-ಎ-ನವರಸ್ ಎಂದು ಹೆಸರಿಟ್ಟನು. ಅದರಲ್ಲಿ ಸರಸ್ವತಿಯು ತಾಯಿಯಾಗಿ, ಗಣಪತಿಯು ತಂದೆಯಾಗಿ ಬರುತ್ತಾರೆ. ಪೈಗಂಬರರ ಸ್ತುತಿಯೂ, ಕಲಬುರ್ಗಿಯ ಬಂದೇ ನವಾಜರ ಸ್ತುತಿಯೂ ಅದೇ ಗ್ರಂಥದಲ್ಲಿವೆ. ನಾಣ್ಯಕ್ಕೂ ನವರಸ, ಹಬ್ಬಕ್ಕೂ ನವರಸ! 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ ತೊರವೆಯ ಬಳಿ ನವರಸಪುರವೆಂಬ ನಗರವನ್ನೇ ಕಟ್ಟಿಸತೊಡಗಿದನು. ಕನ್ನಡದ ತೊರವೆ ರಾಮಾಯಣವು ಹುಟ್ಟಿದ, ನರಸಿಂಹನು ನೆಲೆಸಿದ ತೊರವೆಯೇ ಅದು.

ಆಸ್ಥಾನದ ಚಿತ್ರಕಾರರು ಈ ಅರಸನನ್ನು ಕೊರಳಲ್ಲಿ ರುದ್ರಾಕ್ಷಿ ಧರಿಸಿದವನಂತೆ ಚಿತ್ರಿಸಿದ್ದಾರೆ. ಅವನು ಮರಾಠಿಯನ್ನು ಸಲೀಸಾಗಿ ಆಡುತ್ತಿದ್ದುದನ್ನು ಅಕ್ಬರನ ದೂತನಾದ ಅಸದ್ ಬೇಗನು ಕಂಡು ಬರೆದಿಟ್ಟನು. ಪರ್ಶಿಯಾದ ಕವಿ ಜುಹೂರಿ, ಇತಿಹಾಸಕಾರ ಫಿರಿಶ್ತಾ ಮೊದಲಾದವರು ಅವನ ಆಶ್ರಯದಲ್ಲಿ ಬಾಳಿದರು. ಬಾದಾಮಿಯ ಒಂದೇ ಬಂಡೆಯಲ್ಲಿ ಶಿವನಿಗೂ ವಿಷ್ಣುವಿಗೂ ಜಿನನಿಗೂ ಗುಹೆಗಳನ್ನು ಕೊರೆದ ನಾಡಿಗೆ ಇಂಥ ಅರಸನು ಅಪರಿಚಿತನಾಗಿ ತೋರಿರಲಾರನು.

ಹಾಗೆಂದು ಆತನನ್ನು ಋಷಿಯೆಂದು ತಿಳಿಯುವುದು ಸರಿಯಲ್ಲ. ಮರಳಿ ಬಂದ ದಿಲಾವರಖಾನನ ಕಣ್ಣು ಕೀಳಿಸಿದವನೂ ಇವನೇ. 1619ರಲ್ಲಿ ಬೀದರನ್ನು ಗೆದ್ದು ತನ್ನ ರಾಜ್ಯಕ್ಕೆ ಸೇರಿಸಿಕೊಂಡವನೂ ಇವನೇ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನು ಭಾತವಡಿಯ ಯುದ್ಧದಲ್ಲಿ ಗೆದ್ದು ಬಿಜಾಪುರದ ಮೇಲೆ ಏರಿಬಂದಾಗ, ಇನ್ನೂ ಪೂರ್ಣವಾಗಿರದ ನವರಸಪುರವು ಹಾಳಾಯಿತು. ಹಾಡಿನ ನಗರಕ್ಕೆ ಗಟ್ಟಿಯಾದ ಕೋಟೆಯಿರಲಿಲ್ಲ. ಮೂರು ವರ್ಷಗಳ ತರುವಾಯ, 1627ರಲ್ಲಿ, ಅರಸನೂ ತೀರಿಕೊಂಡನು.

ಇದರಲ್ಲಿ ನಾವು ಆಲೋಚಿಸಬೇಕಾದ ಸಂಗತಿಯೊಂದುಂಟು. ಇಬ್ರಾಹಿಮನ ಸುಧಾರಣೆಯು ಅವನ ಅಭಿರುಚಿಯನ್ನೇ ಆಧರಿಸಿ ನಿಂತಿತ್ತು. ಮುಂದಿನ ಅರಸನನ್ನು ಕಟ್ಟಿಹಾಕುವಂತಹ ಕಾಯಿದೆಯಾಗಲಿ ಸಂಸ್ಥೆಯಾಗಲಿ ಅದಕ್ಕೆ ಬೆಂಬಲವಾಗಿರಲಿಲ್ಲ. ಮಗನಾದ ಮಹಮ್ಮದನ ಕಾಲಕ್ಕೆ ಆಸ್ಥಾನದಲ್ಲಿ ಉಲೇಮಾಗಳ ಮಾತಿಗೆ ಮತ್ತೆ ತೂಕ ಬಂದಿತು. ಒಳ್ಳೆಯ ಅರಸನೊಬ್ಬನ ಒಳ್ಳೆಯ ಮನಸ್ಸನ್ನೇ ನೆಚ್ಚಿಕೊಂಡ ಪ್ರಜೆಗಳ ನೆಮ್ಮದಿಯು ಅವನ ಆಯುಷ್ಯದಷ್ಟೇ ಉದ್ದ. ಧರ್ಮದ ಸ್ವಾತಂತ್ರ್ಯವನ್ನು ಸಂವಿಧಾನದಲ್ಲಿಯೇ ಬರೆದಿಟ್ಟುಕೊಂಡಿರುವ ನಾವು ಆ ಬರಹದ ಬೆಲೆಯನ್ನು ಇಲ್ಲಿ ಅರಿಯಬೇಕು. ಆದರೆ ಬರಹವೊಂದೇ ಸಾಲದು. ನೆರೆಯವನ ದೇವರ ಹೆಸರನ್ನು ಪ್ರೀತಿಯಿಂದ ಹಾಡಬಲ್ಲ ಮನಸ್ಸನ್ನು ಯಾವ ಕಾಯಿದೆಯೂ ತಂದುಕೊಡಲಾರದು. ಆ ಮನಸ್ಸು ಇಬ್ರಾಹಿಮನಲ್ಲಿ ಇದ್ದಿತು.

ವಿಜಯಪುರಕ್ಕೆ ಪ್ರವಾಸ ಹೋದವರು ಮಗನು ಕಟ್ಟಿಸಿದ ಗೋಳಗುಮ್ಮಟದಲ್ಲಿ ಕೂಗಿ, ಮಾರುದನಿ ಕೇಳಿ ಹಿಂದಿರುಗುವುದೇ ವಾಡಿಕೆ. ವಿದ್ಯಾರ್ಥಿ ಮಿತ್ರರು ಇನ್ನೊಮ್ಮೆ ಹೋದಾಗ ಊರಿನ ಪಶ್ಚಿಮದಲ್ಲಿರುವ ಇಬ್ರಾಹಿಂ ರೋಜಾಕ್ಕೂ ಹೋಗಿಬರಲಿ. ಮಲಿಕ್ ಸಂದಲನ ಕೈಚಳಕದಿಂದ ಅರಳಿದ ಆ ಕಲ್ಲಿನ ಕಟ್ಟಡದಲ್ಲಿ ರಾಣಿ ತಾಜ್ ಸುಲ್ತಾನಾಳೊಡನೆ ಅರಸನು ಮಲಗಿದ್ದಾನೆ. ಅಲ್ಲಿಂದ ತೊರವೆಯೂ ದೂರವಿಲ್ಲ. ಹಾಳುಬಿದ್ದ ಸಂಗೀತ ಮಹಲನ್ನೂ ನರಸಿಂಹನ ಗುಡಿಯನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು.